ಯುದ್ಧ, ಹೆಂಗಸರ ಓಟು ಮತ್ತು ಬ್ರಿಟನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಹಾಯುದ್ಧದ ಪಾಠ ಮಾಡುವಾಗಲೆಲ್ಲ ಯಾರಾದರೊಬ್ಬರು ಕೈಯೆತ್ತಿ ಹೆಂಗಸರ ಓಟಿನ ಬಗ್ಗೆ ಕೇಳುತ್ತಾರೆ. ಆಮೇಲೆ ಕಾಗದ ಬರೆದು ಕೇಳುವವರಿದ್ದಾರೆ. ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದ ಕೇಳಿದವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಅವನ್ನೆಲ್ಲ ಒಂದು ಕಡೆ ಇಟ್ಟಿದ್ದೇನೆ, ಕೇಳಿದವರ ಮಾತಲ್ಲೇ. ಸುಲಭದವು ಮೊದಲು, ತಲೆ ಕೆರೆಯುವಂಥವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲಿಗೆ, ಗೊತ್ತಿರಬೇಕಾದ್ದು

ಬ್ರಿಟನ್‌ನಲ್ಲಿ ಹೆಂಗಸರಿಗೆ ಓಟು ಬಂದದ್ದು 1918ರಲ್ಲೋ 1928ರಲ್ಲೋ? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.

ಎರಡೂ ಸರಿ. 1918ರ ಫೆಬ್ರವರಿ 6ರಂದು ರಾಜನ ಒಪ್ಪಿಗೆ ಸಿಕ್ಕ ಕಾನೂನು 30 ವರ್ಷ ತುಂಬಿದ ಹೆಂಗಸರಿಗೆ ಮಾತ್ರ ಓಟು ಕೊಟ್ಟಿತು. ಅದೂ ಎಲ್ಲರಿಗಲ್ಲ. ತನ್ನ ಹೆಸರಲ್ಲೋ ಗಂಡನ ಹೆಸರಲ್ಲೋ ಒಂದು ವಾಸದ ಮನೆ ಇರಬೇಕು, ಇಲ್ಲವೇ ವರ್ಷಕ್ಕೆ 5 ಪೌಂಡ್ ಬೆಲೆಯ ಜಾಗ ಇರಬೇಕು. ಬಾಡಿಗೆಯದಾದರೂ ನಡೆಯುತ್ತಿತ್ತು. ಪದವಿ ಪಡೆದವರಿಗೆ ಇನ್ನೊಂದು ದಾರಿಯಿತ್ತು. ಹೀಗೆ ಸುಮಾರು 84 ಲಕ್ಷ ಹೆಂಗಸರು ಪಟ್ಟಿಗೆ ಸೇರಿದರು. ಯಜಮಾನರ ಮನೆಯಲ್ಲೇ ಉಳಿದು ಕೆಲಸ ಮಾಡುವವಳು, ಸಾಮಾನು ಸಮೇತ ಬಾಡಿಗೆಗೆ ಕೊಡುವ ಕೋಣೆಯಲ್ಲಿದ್ದವಳು, ಅಣ್ಣನ ಮನೆಯಲ್ಲಿದ್ದ ಅವಿವಾಹಿತೆ, ಇವರೆಲ್ಲ ಹೊರಗೇ ಉಳಿದರು.

ಗಂಡಸರ ಹಾಗೆ 21ಕ್ಕೇ, ಯಾವ ಷರತ್ತೂ ಇಲ್ಲದೆ ಓಟು ಸಿಕ್ಕಿದ್ದು 1928ರ ಜುಲೈ 2ರಂದು.

ವಿಕ್ಟೋರಿಯಾ ಮಹಾರಾಣಿನೇ ಆಳುತ್ತಿದ್ದ ದೇಶದಲ್ಲಿ ಹೆಂಗಸರಿಗೆ ಓಟಿಲ್ಲ ಅಂದ್ರೆ ವಿಚಿತ್ರ ಅಲ್ವಾ?

ವಿಚಿತ್ರವೇ. ಆದರೆ ಸಿಂಹಾಸನ ವಂಶದಿಂದ ಬರುವುದು, ಓಟು ಆಸ್ತಿಯಿಂದ ಬರುವುದು. ಇವೆರಡೂ ಬೇರೆ ಲೆಕ್ಕ. ರಾಣಿಗೇ ಹೆಂಗಸರ ಹಕ್ಕಿನ ಮಾತು ಕೇಳಿದರೆ ಆಗುತ್ತಿರಲಿಲ್ಲ, ಅದನ್ನು ಹುಚ್ಚುತನ ಅಂತಲೇ ಬರೆದಿದ್ದರು. ಇನ್ನು ಕಾನೂನಿನ ಮಾತು. 1832ರ ಸುಧಾರಣಾ ಕಾನೂನಿನಲ್ಲಿ ಮತದಾರ ಅಂದರೆ ‘ಗಂಡಸು’ ಎಂದು ಮೊದಲ ಸಲ ಬಿಡಿಸಿ ಬರೆದರು. ಅಲ್ಲಿಯವರೆಗೆ ರೂಢಿಯಲ್ಲಿದ್ದದ್ದು ಅಂದಿನಿಂದ ಅಕ್ಷರದಲ್ಲೇ ಕೂತಿತು.

ಆಗ ಗಂಡಸರಿಗೆಲ್ಲ ಓಟಿತ್ತಾ?

ಇರಲಿಲ್ಲ. ಈ ಒಂದು ಉತ್ತರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1914ರಲ್ಲಿ ಬ್ರಿಟನ್‌ನ ವಯಸ್ಕ ಗಂಡಸರಲ್ಲಿ ಸುಮಾರು 60% ಜನರಿಗೆ ಮಾತ್ರ ಓಟಿತ್ತು. ಮನೆಯ ಯಜಮಾನನೋ ತಕ್ಕಮಟ್ಟಿಗೆ ಬಾಡಿಗೆ ಕಟ್ಟುವವನೋ ಆಗಿರಬೇಕು. ಅದಕ್ಕಿಂತ ದೊಡ್ಡ ತೊಡಕು, ಒಂದೇ ಕಡೆ 12 ತಿಂಗಳು ನೆಲೆಸಿರಬೇಕಿತ್ತು. ಕೆಲಸ ಹುಡುಕಿಕೊಂಡು ಊರೂರು ಅಲೆಯುವ ಕೂಲಿಯವನ ಹೆಸರು ಪಟ್ಟಿಗೆ ಸೇರುವುದು ಎಲ್ಲಿಂದ ಬಂತು?

ಸಫ್ರಜಿಸ್ಟ್, ಸಫ್ರಜೆಟ್ ಎರಡೂ ಒಂದೇನಾ?

ಗುರಿ ಒಂದೇ, ದಾರಿ ಬೇರೆ. ಸಫ್ರಜಿಸ್ಟರು ಅರ್ಜಿ, ಸಭೆ, ಮೆರವಣಿಗೆಯವರು. ಇವರ ಕಥೆ 1866ರಿಂದ ಶುರುವಾಗುತ್ತದೆ. ಸುಮಾರು 1,500 ಹೆಂಗಸರು ಸಹಿ ಹಾಕಿದ ಅರ್ಜಿಯ ಸುರುಳಿ ಹೊತ್ತು ಎಮಿಲಿ ಡೇವಿಸ್, ಎಲಿಜಬೆತ್ ಗ್ಯಾರೆಟ್ ಎಂಬಿಬ್ಬರು ಪಾರ್ಲಿಮೆಂಟಿನ ಹಜಾರಕ್ಕೆ ಹೋದರು. ಸುರುಳಿ ದಪ್ಪ, ಸುತ್ತಲೂ ಗಂಡಸರು, ಇವರಿಗೆ ಮುಜುಗರ. ಅಲ್ಲೇ ಸೇಬು ಮಾರುತ್ತಿದ್ದ ಹೆಂಗಸಿನ ಬಳಿ ಹೋಗಿ, ಅವಳ ಗಾಡಿಯಡಿ ಅದನ್ನು ಬಚ್ಚಿಟ್ಟರು. ಹೆಂಗಸರ ಪರ ಇದ್ದ ಪಾರ್ಲಿಮೆಂಟ್ ಸದಸ್ಯ ಜಾನ್ ಸ್ಟುವರ್ಟ್ ಮಿಲ್ ಬಂದ ಮೇಲೆ ಹೊರಗೆ ತೆಗೆದರು. ಮುಂದಿನ ವರ್ಷ ಮಿಲ್ ತಂದ ತಿದ್ದುಪಡಿಗೆ ಸಿಕ್ಕಿದ್ದು 73 ಮತ, ವಿರುದ್ಧ ಬಿದ್ದದ್ದು 196. ಎಲಿಜಬೆತ್ ಅವರ ತಂಗಿ ಮಿಲಿಸೆಂಟ್ ಫಾಸೆಟ್ ಆಮೇಲೆ ಈ ಬಣದ ನಾಯಕಿಯಾದರು. 1914ರ ಹೊತ್ತಿಗೆ ಇವರ ಒಕ್ಕೂಟದಲ್ಲಿ 50 ಸಾವಿರಕ್ಕೂ ಜಾಸ್ತಿ ಸದಸ್ಯರಿದ್ದರು.

ಸಫ್ರಜೆಟ್‌ಗಳದ್ದು ಇನ್ನೊಂದು ಜಾಡು. 1903ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನ ತಮ್ಮ ಮನೆಯಲ್ಲೇ ಎಮಲಿನ್ ಪ್ಯಾಂಕ್‌ಹರ್ಸ್ಟ್ ಕಟ್ಟಿದ ಸಂಘ ಅದು. ‘ಮಾತು ಸಾಕು, ಕೆಲಸ ಬೇಕು’ ಎಂಬ ಧಾಟಿಯವರು. ಕಿಟಕಿ ಗಾಜು ಒಡೆದರು, ಅಂಚೆಪೆಟ್ಟಿಗೆಗೆ ಬೆಂಕಿ ಹಾಕಿದರು, ಜೈಲಿಗೆ ಹೋದರು. ಸಫ್ರಜೆಟ್ ಎಂಬ ಹೆಸರನ್ನು 1906ರಲ್ಲಿ ಒಂದು ಪತ್ರಿಕೆ ಅಣಕಕ್ಕೆ ಹುಟ್ಟಿಸಿತು. ಇವರು ಅದನ್ನೇ ಎತ್ತಿಕೊಂಡು ಹಣೆಪಟ್ಟಿ ಮಾಡಿಕೊಂಡರು. ತಲೆ ಲೆಕ್ಕದಲ್ಲಿ ಇವರು ಕಡಿಮೆ, ಕೆಲವೇ ಸಾವಿರ. ಸಿನಿಮಾದಲ್ಲಿ ಮಾತ್ರ ಯಾವಾಗಲೂ ಇವರೇ.

ಜೈಲಲ್ಲಿ ಬಲವಂತವಾಗಿ ತಿನ್ನಿಸ್ತಿದ್ರಂತೆ, ನಿಜಾನಾ?

ನಿಜ. 1909ರ ಜುಲೈನಲ್ಲಿ ಮರಿಯನ್ ವ್ಯಾಲೇಸ್ ಡನ್ಲಪ್ ಎಂಬ ಚಿತ್ರಕಲಾವಿದೆ ಜೈಲಿನಲ್ಲಿ ಉಪವಾಸ ಕೂತರು. ಉಳಿದವರೂ ಅದೇ ಹಿಡಿದರು. ಸೆಪ್ಟೆಂಬರ್‌ನಿಂದ ಸರ್ಕಾರ ಬಲವಂತದ ಊಟ ಶುರುಮಾಡಿತು. ನಾಲ್ಕೈದು ಜನ ಕೈಕಾಲು ಅಮುಕಿ ಹಿಡಿಯುವುದು, ಮೂಗಿಗೋ ಬಾಯಿಗೋ ರಬ್ಬರ್ ಕೊಳವೆ ತುರುಕುವುದು, ಮೇಲಿನಿಂದ ಹಾಲು-ಮೊಟ್ಟೆಯ ಗಂಜಿ ಸುರಿಯುವುದು.

ಇದರಲ್ಲಿ ಕಾನ್ಸ್ಟನ್ಸ್ ಲಿಟನ್ ಅವರ ಕಥೆಯನ್ನು ನಾನು ಯಾವಾಗಲೂ ಹೇಳುತ್ತೇನೆ. ದೊಡ್ಡ ಮನೆತನದ ಹೆಣ್ಣು. ಅಪ್ಪ ಯಾರು ಗೊತ್ತಾ? ನಮ್ಮಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಲಿಟನ್. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು, ಮದ್ರಾಸ್ ಸೀಮೆಯ ಜನ ಸಾಯುತ್ತಿದ್ದಾಗ ದೆಹಲಿಯಲ್ಲಿ ದರ್ಬಾರು ನಡೆಸಿದ ಅದೇ ಲಿಟನ್. ಮಗಳು ಜೈಲಿಗೆ ಹೋಗಿ ಉಪವಾಸ ಕೂತಾಗ ಹೃದಯ ದುರ್ಬಲ ಅಂತ ಬೇಗ ಬಿಟ್ಟುಬಿಟ್ಟರು. ಬಡ ಹೆಂಗಸರಿಗೆ ಈ ಮರ್ಯಾದೆ ಇಲ್ಲವಲ್ಲ ಅಂತ ಅವರಿಗೆ ಅನ್ನಿಸಿತು. 1910ರ ಜನವರಿಯಲ್ಲಿ ಕೂದಲು ಕತ್ತರಿಸಿ, ಅಗ್ಗದ ಕೋಟು ತೊಟ್ಟು, ಜೇನ್ ವಾರ್ಟನ್ ಎಂಬ ದರ್ಜಿ ಹೆಂಗಸಿನ ವೇಷದಲ್ಲಿ ಲಿವರ್‌ಪೂಲ್‌ನಲ್ಲಿ ಬಂಧನಕ್ಕೊಳಗಾದರು. ಈ ಸಲ ಯಾರೂ ಎದೆ ಸರಿಯಾಗಿ ಪರೀಕ್ಷಿಸಲಿಲ್ಲ. ಎಂಟು ಸಲ ಕೊಳವೆ ಹಾಕಿದರು. ಗುರುತು ಸಿಕ್ಕ ಮೇಲೆ ಬಿಟ್ಟರು. ಆದರೆ ಅವರ ಆರೋಗ್ಯ ಮತ್ತೆ ಸುಧಾರಿಸಲೇ ಇಲ್ಲ.

ರಾಜನ ಕುದುರೆಗೆ ಅಡ್ಡ ಹೋಗಿ ಸತ್ತವರು ಆತ್ಮಹತ್ಯೆ ಮಾಡಿಕೊಂಡದ್ದಾ?

ಎಮಿಲಿ ವೈಲ್ಡಿಂಗ್ ಡೇವಿಸನ್. 1913ರ ಜೂನ್ 4ರ ಡರ್ಬಿ ರೇಸು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಕೈಚೀಲದಲ್ಲಿ ವಾಪಸ್ ಬರುವ ರೈಲು ಟಿಕೆಟ್ ಇತ್ತು. ಸಾಯಲೆಂದೇ ಹೋದವರಲ್ಲ ಅನ್ನುವವರೇ ಈಗ ಜಾಸ್ತಿ. ನನಗೆ ಅವರ ಸಾವಿಗಿಂತ 1911ರ ಜನಗಣತಿಯ ರಾತ್ರಿ ಇಷ್ಟ. ಪಾರ್ಲಿಮೆಂಟಿನ ನೆಲಮಾಳಿಗೆಯ ಒಂದು ಬೀರುವಿನಲ್ಲಿ ಅಡಗಿ ಕೂತರು. ಗಣತಿಯ ಪತ್ರದಲ್ಲಿ ಅವರ ವಿಳಾಸದ ಜಾಗದಲ್ಲಿ ಪಾರ್ಲಿಮೆಂಟಿನ ಹೆಸರೇ ಬಂತು. ಓಟಿಲ್ಲದವಳು ಇರುವ ಮನೆ ಅದು!

## ಯುದ್ಧದ ವರ್ಷಗಳು

ಯುದ್ಧ ಶುರುವಾದ ತಕ್ಷಣ ಹೋರಾಟ ನಿಲ್ಲಿಸಿದರಲ್ಲ, ಇದು ಶರಣಾದ ಹಾಗೆ ಅಲ್ವಾ?

1914ರ ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕಿಳಿಯಿತು. ಒಂದು ವಾರದೊಳಗೆ ಜೈಲಿನಲ್ಲಿದ್ದ ಸಫ್ರಜೆಟ್‌ಗಳನ್ನು ಬಿಡುವುದಾಗಿ ಸರ್ಕಾರ ಹೇಳಿತು. ಎಮಲಿನ್ ಅವರೂ ಕಲ್ಲು-ಬೆಂಕಿ ಕೆಳಗಿಟ್ಟರು. ದೇಶಭಕ್ತಿ ಒಂದು ಕಾರಣ. ಇನ್ನೊಂದು, ಊರಿಗೂರೇ ಹೊತ್ತಿ ಉರಿಯುವಾಗ ಅಂಚೆಪೆಟ್ಟಿಗೆಯ ಬೆಂಕಿಯನ್ನು ಯಾರು ನೋಡುತ್ತಾರೆ? ಕಾರ್ಯಕರ್ತೆಯರೂ ಉಪವಾಸ ಮಾಡಿ ಮಾಡಿ ಸೋತಿದ್ದರು. 1915ರ ಜುಲೈನಲ್ಲಿ ಅವರೇ ಲಂಡನ್‌ನಲ್ಲಿ ಸುಮಾರು 30 ಸಾವಿರ ಹೆಂಗಸರ ಮೆರವಣಿಗೆ ತೆಗೆದರು. ಈ ಸಲ ಕೇಳಿದ್ದು ಕೆಲಸ. ಮದ್ದುಗುಂಡು ಸಚಿವ ಲಾಯ್ಡ್ ಜಾರ್ಜ್ ಇದಕ್ಕೆ ಸರ್ಕಾರದ ದುಡ್ಡನ್ನೂ ಕೊಡಿಸಿದ್ದರು. ಎರಡು ವರ್ಷದ ಹಿಂದೆ ಇವರು ಅವರದ್ದೇ ಹೊಸ ಮನೆಗೆ ಬಾಂಬಿಟ್ಟಿದ್ದರು.

ಫಾಸೆಟ್ ಬಣ ಮಾತ್ರ ಸಂಘಟನೆಯನ್ನು ಬಿಚ್ಚಲಿಲ್ಲ. ಆಸ್ಪತ್ರೆ, ಪರಿಹಾರ ಅಂತ ಓಡಾಡುತ್ತಲೇ ಕಚೇರಿಗಳನ್ನು ತೆರೆದಿಟ್ಟುಕೊಂಡರು. ಇದೇ ಆಮೇಲೆ ಕೈಹಿಡಿದದ್ದು.

ಒಂದೇ ಮನೆಯ ತಾಯಿ-ಮಕ್ಕಳು ಯುದ್ಧದ ವಿಷಯಕ್ಕೆ ದೂರವಾದರಂತೆ?

ಹೌದು. ತಾಯಿ ಎಮಲಿನ್, ಹಿರಿ ಮಗಳು ಕ್ರಿಸ್ಟಬೆಲ್ ಯುದ್ಧದ ಪರ. ತಮ್ಮ ಪತ್ರಿಕೆಯ ಹೆಸರನ್ನೇ 1915ರಲ್ಲಿ ‘ಬ್ರಿಟಾನಿಯಾ’ ಅಂತ ಬದಲಿಸಿದರು. ಎರಡನೇ ಮಗಳು ಸಿಲ್ವಿಯಾ ಕಟ್ಟಾ ವಿರೋಧಿ. ಅವರು ಪೂರ್ವ ಲಂಡನ್‌ನ ಬಡವರ ಕೇರಿಯಲ್ಲಿ ನೆಲೆಸಿದ್ದರು. ಗಂಡ ಯುದ್ಧಕ್ಕೆ ಹೋಗಿ, ಭತ್ಯೆ ಬಾರದೆ ಒಲೆ ಹೊತ್ತದ ಮನೆಗಳು ಅವರ ಸುತ್ತಲೇ ಇದ್ದವು. ಅಸಲು ಬೆಲೆಗೆ ಊಟ ಹಾಕುವ ಖಾನಾವಳಿ ತೆರೆದರು. ಕೆಲಸವಿಲ್ಲದ ಹೆಂಗಸರಿಗೆ ಆಟಿಕೆ ಕಾರ್ಖಾನೆ ಹಾಕಿದರು. ಬಂದೂಕು ಮಾಡುವವರ ಹೆಸರಿದ್ದ ಒಂದು ಹಳೇ ಹೆಂಡದಂಗಡಿಯನ್ನು ಹಿಡಿದು ಶಿಶುವಿಹಾರ ಮಾಡಿದರು. ಹೊಸ ಹೆಸರು ‘ತಾಯಂದಿರ ತೋಳು’. ಕಿರಿ ಮಗಳು ಅಡೆಲಾ ಆಸ್ಟ್ರೇಲಿಯಾದಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆಯ ವಿರುದ್ಧ ಭಾಷಣ ಮಾಡುತ್ತಿದ್ದರು. ತಾಯಿ ಸಿಲ್ವಿಯಾರನ್ನು ಬಹಿರಂಗವಾಗಿಯೇ ದೂರ ಮಾಡಿದರು.

ಫಾಸೆಟ್ ಒಕ್ಕೂಟವೂ ಒಡೆಯಿತು. 1915ರ ಏಪ್ರಿಲ್‌ನಲ್ಲಿ ಹೇಗ್ ನಗರದಲ್ಲಿ ಶಾಂತಿಗಾಗಿ ಹೆಂಗಸರ ಸಮ್ಮೇಳನ ಸೇರಿತು. ಹೋಗಬೇಕೆಂದವರು ರಾಜೀನಾಮೆ ಕೊಟ್ಟು ಹೊರಬಂದರು. ಬ್ರಿಟನ್‌ನಿಂದ ಸುಮಾರು 180 ಜನ ಹೊರಟು ನಿಂತಿದ್ದರು. ಸಮುದ್ರದ ದಾರಿ ಮುಚ್ಚಿಬಿಟ್ಟಿದ್ದರಿಂದ ಬಹುತೇಕರು ದಡದಲ್ಲೇ ಉಳಿದರು.

ಮದ್ದುಗುಂಡು ಕಾರ್ಖಾನೆ ಹುಡುಗಿಯರ ಮೈ ಹಳದಿಯಾಗ್ತಿತ್ತಂತೆ. ಯಾಕೆ?

ಟಿಎನ್‌ಟಿ. ಗುಂಡಿನೊಳಗೆ ತುಂಬುವ ಸ್ಫೋಟಕ ಅದು. ಅದರ ಪುಡಿ, ಆವಿ ಚರ್ಮಕ್ಕೆ ಇಳಿದು ಅರಿಶಿನ ಬಳಿದ ಹಾಗಾಗುತ್ತಿತ್ತು. ಮುಂದಲೆಯ ಕೂದಲು ಕೆಂಚಗಾಗುತ್ತಿತ್ತು. ಜನ ಅವರನ್ನು ‘ಕ್ಯಾನರಿ’ ಅಂತ ಕರೆದರು, ಆ ಹಳದಿ ಹಕ್ಕಿಯ ಹೆಸರು. ಬಣ್ಣ ಮೇಲಿನದ್ದು ಅಷ್ಟೇ. ಒಳಗೆ ಪಿತ್ತಜನಕಾಂಗ ಹಾಳಾಗಿ ಸತ್ತವರಿದ್ದಾರೆ. ಬಸುರಿಯರು ಕೆಲಸ ಮಾಡಿದಾಗ ಹುಟ್ಟಿದ ಕೂಸುಗಳೂ ಹಳದಿ.

ಲೀಡ್ಸ್ ಹತ್ತಿರದ ಬಾರ್ನ್‌ಬೋ ಕಾರ್ಖಾನೆಯ ಒಂದು ಪಾಳಿ ಹೇಗಿರುತ್ತಿತ್ತು ನೋಡಿ. ಒಳಗೆ ಹೋಗುವ ಮೊದಲು ಹೇರ್‌ಪಿನ್ ತೆಗೆಯಬೇಕು, ಕಿಡಿ ಹಾರೀತು ಅಂತ. ಬೆಂಕಿಕಡ್ಡಿ ಸಿಕ್ಕರೆ ಶಿಕ್ಷೆ. ತಲೆಗೆ ಟೋಪಿ, ಕಾಲಿಗೆ ರಬ್ಬರ್ ಅಟ್ಟೆ. ಕುಡಿಯಲು ಹಾಲು ಎಷ್ಟು ಬೇಕಾದರೂ, ಅದು ವಿಷಕ್ಕೆ ಮದ್ದು ಅಂತ ನಂಬಿಕೆ. ಅದಕ್ಕಾಗಿ ಕಾರ್ಖಾನೆಯೇ 120 ಹಸು ಸಾಕಿತ್ತು. 1916ರ ಡಿಸೆಂಬರ್ 5ರ ರಾತ್ರಿ ಪಾಳಿ ಆಗಷ್ಟೇ ಶುರುವಾಗಿತ್ತು. 42ನೇ ಕೋಣೆಯಲ್ಲಿ ಒಂದು ಗುಂಡು ಸಿಡಿಯಿತು. 35 ಹೆಣ್ಣುಮಕ್ಕಳು ಸತ್ತರು. ಕೆಲವರನ್ನು ಕೊರಳ ಬಿಲ್ಲೆ ನೋಡಿಯೇ ಗುರುತಿಸಬೇಕಾಯಿತು. ಸ್ವಲ್ಪ ಹೊತ್ತಿಗೆ ಅದೇ ಕೋಣೆಯಲ್ಲಿ ಕೆಲಸ ಮುಂದುವರಿಸಲು ಬೇರೆ ಹುಡುಗಿಯರು ಮುಂದೆ ಬಂದರು. ಯುದ್ಧ ಮುಗಿಯುವ ತನಕ ಈ ಸುದ್ದಿ ಪತ್ರಿಕೆಯಲ್ಲಿ ಬರಲಿಲ್ಲ.

ಎಷ್ಟು ಜನ ಹೆಂಗಸರು ಕೆಲಸಕ್ಕೆ ಬಂದರು? ಸಂಬಳ ಸಮ ಇತ್ತಾ?

ದುಡಿಯುವ ಹೆಂಗಸರ ಸಂಖ್ಯೆ ಸುಮಾರು 60 ಲಕ್ಷದಿಂದ 73 ಲಕ್ಷಕ್ಕೆ ಏರಿತು. ಮದ್ದುಗುಂಡು ಕೆಲಸದಲ್ಲೇ ಸುಮಾರು 9 ಲಕ್ಷ. ಯುದ್ಧಕ್ಕೆ ಮುಂಚೆ ಹೆಂಗಸರು ಕೆಲಸವನ್ನೇ ಮಾಡುತ್ತಿರಲಿಲ್ಲ ಅನ್ನುವುದು ತಪ್ಪು. ತುಂಬಾ ಜನ ಮನೆಕೆಲಸದಿಂದ, ಬಟ್ಟೆ ಗಿರಣಿಯಿಂದ ಇಲ್ಲಿಗೆ ಬದಲಾದವರು. ಯಜಮಾನಿಯ ಗಂಟೆಗೆ ಓಡಿಹೋಗುವ ಕೆಲಸ ಬಿಟ್ಟು, ಪಾಳಿ ಮುಗಿದ ಮೇಲೆ ತನ್ನ ಹೊತ್ತು ತನ್ನದೇ ಅನ್ನುವ ಕೆಲಸ.

ಸಂಬಳ ಸಮ ಇರಲಿಲ್ಲ. 1918ರ ಆಗಸ್ಟ್‌ನಲ್ಲಿ ಲಂಡನ್ ಬಸ್ಸಿನ ಗಂಡಸರಿಗೆ ವಾರಕ್ಕೆ 5 ಶಿಲಿಂಗ್ ಯುದ್ಧ ಭತ್ಯೆ ಕೊಟ್ಟು ಹೆಣ್ಣು ಕಂಡಕ್ಟರ್‌ಗಳಿಗೆ ಇಲ್ಲವೆಂದರು. ಅವರು ಟಿಕೆಟ್ ಯಂತ್ರ ಕೆಳಗಿಟ್ಟು ಕೂತರು. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. 5 ಶಿಲಿಂಗ್ ಬಂತು. ಸಮಾನ ವೇತನ ಬರಲಿಲ್ಲ.

## ಓಟು ಬಂದ ಬಗೆ

ಯುದ್ಧದಲ್ಲಿ ದುಡಿದದ್ದಕ್ಕೆ ಬಹುಮಾನವಾಗಿ ಓಟು ಕೊಟ್ಟರು. ಅಷ್ಟೇ ತಾನೇ?

ಅಷ್ಟೇ ಅಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಪಠ್ಯಪುಸ್ತಕಗಳೂ ಇದನ್ನೇ ಹೇಳುತ್ತವೆ. ಒಂದು ಸಣ್ಣ ಲೆಕ್ಕ ಹಾಕಿ. ಹಳದಿ ಮೈಯ ಆ ಹುಡುಗಿಯರಲ್ಲಿ ಹೆಚ್ಚಿನವರ ವಯಸ್ಸು 18ರಿಂದ 28. 1918ರ ಕಾನೂನು ಕೇಳಿದ್ದು 30. ಬಹುಮಾನ ಅಂದರೆ ಆಡಿದವರಿಗೆ ಕೊಡಬೇಕು. ಇಲ್ಲಿ ಆಡಿದವಳು ಹೊರಗೆ, ಅವಳ ಅಮ್ಮ ಒಳಗೆ.

ಹಾಗಾದರೆ ಏನಾಯಿತು? ಗಂಡಸರ ಓಟಿನ ಹಳೇ ಕಾನೂನು ಯುದ್ಧದಿಂದ ಕುಸಿಯಿತು. ಒಂದೇ ಊರಲ್ಲಿ 12 ತಿಂಗಳು ಇರಬೇಕು ಅನ್ನುವ ಷರತ್ತು. ಫ್ರಾನ್ಸಿನ ಕಂದಕದಲ್ಲಿ ಕೂತ ಸೈನಿಕ ಊರಲ್ಲಿ ಎಲ್ಲಿದ್ದ? ದೇಶಕ್ಕೆ ಪ್ರಾಣ ಕೊಡಲು ಹೋಗಿದ್ದಕ್ಕೇ ಅವನ ಓಟು ಹೋಯಿತು. 1916ರಿಂದ ಕಡ್ಡಾಯವಾಗಿ ಸೈನ್ಯಕ್ಕೆ ಎಳೆದುಕೊಂಡು ಹೋಗಲು ಶುರುಮಾಡಿದ ಮೇಲಂತೂ ಇದನ್ನು ಸಮರ್ಥಿಸಿಕೊಳ್ಳುವುದೇ ಆಗದಾಯಿತು. ಮತದಾರರ ಪಟ್ಟಿಯನ್ನು ಹೊಸದಾಗಿ ಬರೆಯಲೇಬೇಕಾಯಿತು. ಪಟ್ಟಿ ತೆರೆದ ಮೇಲೆ ಫಾಸೆಟ್ ಬಾಗಿಲಲ್ಲೇ ನಿಂತಿದ್ದರು. ಬರೀ ಸೈನಿಕರ ವಿಷಯವಾದರೆ ನಾವು ಅಡ್ಡ ಬರುವುದಿಲ್ಲ, ಆದರೆ ಹೊಸ ಗಂಡಸರನ್ನು ಸೇರಿಸುವುದಾದರೆ ನಮ್ಮನ್ನು ಬಿಡುವ ಹಾಗಿಲ್ಲ ಅಂದರು.

1916ರ ಅಕ್ಟೋಬರ್‌ನಲ್ಲಿ ಸ್ಪೀಕರ್ ಜೇಮ್ಸ್ ಲೌದರ್ ಅಧ್ಯಕ್ಷತೆಯಲ್ಲಿ ಎಲ್ಲ ಪಕ್ಷದ ಸದಸ್ಯರು ಕೂತರು. ಇಲ್ಲಿ ಒಂದು ತಮಾಷೆಯಿದೆ. 1913ರಲ್ಲಿ ಹೆಂಗಸರ ಓಟಿನ ತಿದ್ದುಪಡಿ ನಿಯಮಕ್ಕೆ ಹೊಂದುವುದಿಲ್ಲ ಅಂತ ಸುಳಿವು ಕೊಟ್ಟು ಇಡೀ ಮಸೂದೆಯನ್ನೇ ಕೆಡವಿದವರು ಇದೇ ಲೌದರ್. ಈಗ ಅವರದ್ದೇ ಸಮಿತಿ ಸೀಮಿತ ಓಟು ಕೊಡಬಹುದು ಎಂದಿತು. ಪ್ರಧಾನಿಯಾಗಿದ್ದಾಗ ವರ್ಷಗಟ್ಟಲೆ ಬೇಡವೆಂದಿದ್ದ ಆಸ್ಕ್ವಿತ್ 1917ರ ಮಾರ್ಚ್ 28ರಂದು ಎದ್ದು ನಿಂತು, ಹೆಂಗಸರು ತಮ್ಮ ದಾರಿ ತಾವೇ ಕಂಡುಕೊಳ್ಳಲಿ ಎಂದಿದ್ದೆ, ಯುದ್ಧದಲ್ಲಿ ಕಂಡುಕೊಂಡಿದ್ದಾರೆ ಎಂದರು. ಹೆಂಗಸರ ದುಡಿಮೆಯ ನಿಜವಾದ ಪಾತ್ರ ಇಲ್ಲಿದೆ. ಹಳೇ ಹಟಮಾರಿಗಳಿಗೆ ಮಾತು ಬದಲಿಸಲು ಒಂದು ಗೌರವದ ನೆಪ ಬೇಕಿತ್ತು. ಅದು ಸಿಕ್ಕಿತು. ಜೂನ್ 19ರಂದು ಕೆಳಮನೆಯಲ್ಲಿ 385 ಪರ, 55 ವಿರುದ್ಧ.

30 ವರ್ಷ ಅನ್ನೋ ಲೆಕ್ಕ ಎಲ್ಲಿಂದ ಬಂತು?

ಹೆದರಿಕೆಯಿಂದ. 21ಕ್ಕೇ ಕೊಟ್ಟರೆ ಹೆಂಗಸರೇ ಬಹುಮತ. ಯುದ್ಧಕ್ಕೆ ಮುಂಚೆಯೇ ಬ್ರಿಟನ್‌ನಲ್ಲಿ ಹೆಂಗಸರು ಜಾಸ್ತಿ ಇದ್ದರು. ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಗಂಡಸರು ಸತ್ತರು. 1921ರ ಗಣತಿಯಲ್ಲಿ ಹೆಂಗಸರು ಗಂಡಸರಿಗಿಂತ 17 ಲಕ್ಷ ಹೆಚ್ಚಿದ್ದರು. ಸಮಿತಿಯವರು 30 ಅಥವಾ 35 ಅಂದರು, ಕೊನೆಗೆ 30ಕ್ಕೆ ನಿಂತಿತು. ವಯಸ್ಸಾದ, ಮದುವೆಯಾದ, ಮನೆ-ಮಠ ಇರುವ ಹೆಂಗಸು ‘ಸ್ಥಿರ’ವಾಗಿ ಯೋಚಿಸುತ್ತಾಳೆ ಅನ್ನುವ ನಂಬಿಕೆಯೂ ಇತ್ತು. ಅದೇ ಕಾನೂನು 19 ವರ್ಷದ ಸೈನಿಕನಿಗೆ ಓಟು ಕೊಟ್ಟಿತು. ಯುದ್ಧಕ್ಕೆ ಬರುವುದಿಲ್ಲ ಎಂದು ಆತ್ಮಸಾಕ್ಷಿಯ ಮಾತಾಡಿದ ಗಂಡಸರಿಂದ ಐದು ವರ್ಷ ಓಟು ಕಿತ್ತುಕೊಂಡಿತು.

ಫಾಸೆಟ್ ಇದನ್ನು ಒಪ್ಪಿಕೊಂಡದ್ದು ಸರಿಯಾ ಅಂತ ಕೆಲವರು ಕೇಳುತ್ತಾರೆ. ಸಿಲ್ವಿಯಾಗೆ ಒಪ್ಪಿಗೆ ಇರಲಿಲ್ಲ. ನಾನಾಗಿದ್ದರೆ ಒಪ್ಪುತ್ತಿದ್ದೆ. ಐವತ್ತು ವರ್ಷ ಕಾದವರಿಗೆ ಅರ್ಧ ರೊಟ್ಟಿಯ ಬೆಲೆ ಗೊತ್ತಿರುತ್ತದೆ.

ವಿರೋಧಿಸುತ್ತಿದ್ದವರೆಲ್ಲ ಏನಾದರು? ಹೆಂಗಸರೇ ವಿರೋಧಿಸಿದ್ದರಂತೆ!

ಇದ್ದರು. ಕಾದಂಬರಿಕಾರ್ತಿ ಮಿಸೆಸ್ ಹಂಫ್ರಿ ವಾರ್ಡ್ ಅವರಲ್ಲಿ ಮುಖ್ಯರು. ಊರಿನ ಶಾಲೆ, ಆಸ್ಪತ್ರೆ, ಪುರಸಭೆಯಲ್ಲಿ ಹೆಂಗಸು ಇರಲಿ, ಸಾಮ್ರಾಜ್ಯ ಆಳುವ ಪಾರ್ಲಿಮೆಂಟು ಬೇಡ ಅನ್ನುವುದು ಅವರ ವಾದ. ಆ ವಿರೋಧಿ ಸಂಘದ ಅಧ್ಯಕ್ಷರು ನಮಗೆ ಗೊತ್ತಿರುವವರೇ, ಬಂಗಾಳ ಒಡೆದ ಲಾರ್ಡ್ ಕರ್ಜನ್. 1918ರ ಜನವರಿಯಲ್ಲಿ ಮಸೂದೆ ಮೇಲ್ಮನೆಗೆ ಬಂದಾಗ ಕರ್ಜನ್ ಅಲ್ಲಿ ಸರ್ಕಾರದ ಕಡೆಯ ನಾಯಕ. ಎಲ್ಲರೂ ಅವರ ಮುಖ ನೋಡುತ್ತಿದ್ದರು. ಎದ್ದು, ಇದು ಕೆಟ್ಟದ್ದೇ, ಆದರೆ ಕೆಳಮನೆ ಇಷ್ಟು ಬಹುಮತದಿಂದ ಕಳಿಸಿದ್ದನ್ನು ತಡೆದು ಜಗಳ ಮಾಡಿಕೊಳ್ಳಬೇಡಿ ಎಂದರು. ತಾವು ಓಟೇ ಹಾಕಲಿಲ್ಲ. 134–71ರಲ್ಲಿ ಪಾಸಾಯಿತು. ಅವರ ಸಂಘದವರಿಗೆ ಹೇಗಾಗಿರಬೇಡ!

ಯುದ್ಧವೇ ಆಗದಿದ್ದರೆ ಓಟು ಬರ್ತಿತ್ತಾ?

ಬರುತ್ತಿತ್ತು ಅಂತ ನನ್ನ ಅಂದಾಜು. ಯಾವಾಗ ಅಂತ ಹೇಳಲು ಬರುವುದಿಲ್ಲ. 1912ರಲ್ಲೇ ಒಂದು ಮಸೂದೆ ಬರೀ 14 ಮತದಿಂದ ಸೋತಿತ್ತು. ಲೇಬರ್ ಪಕ್ಷ ಹೆಂಗಸರ ಕಡೆ ಬಂದಿತ್ತು. ಬೇರೆ ದೇಶಗಳನ್ನು ನೋಡಿ. ನ್ಯೂಜಿಲೆಂಡ್ 1893, ಫಿನ್‌ಲೆಂಡ್ 1906, ನಾರ್ವೆ 1913. ಇವಕ್ಕೆ ಮಹಾಯುದ್ಧ ಬೇಕಾಗಲಿಲ್ಲ. ಸೋತ ಜರ್ಮನಿ 1918ರ ನವೆಂಬರ್‌ನಲ್ಲಿ ಗಂಡು-ಹೆಣ್ಣು ಇಬ್ಬರಿಗೂ ಒಂದೇ ವಯಸ್ಸಿಗೆ ಕೊಟ್ಟಿತು.

ಫ್ರಾನ್ಸ್ ಇನ್ನೂ ಒಳ್ಳೇ ಉದಾಹರಣೆ. ಅಲ್ಲಿಯೂ ಹೆಂಗಸರು ಗುಂಡು ತಯಾರಿಸಿದರು, ಹೊಲ ಉತ್ತರು, ಗಂಡ-ಮಕ್ಕಳನ್ನು ಕಳಕೊಂಡರು. ಓಟು ಬಂದದ್ದು 1944ರಲ್ಲಿ! ಅಲ್ಲಿ ಗಂಡಸರ ಓಟಿನ ಪಟ್ಟಿ ಮೊದಲೇ ಪೂರ್ತಿಯಾಗಿತ್ತು, ತೆರೆಯುವ ಜರೂರೇ ಬರಲಿಲ್ಲ. ಕೆಳಮನೆ ಒಪ್ಪಿದ್ದನ್ನು 1922ರಲ್ಲಿ ಸೆನೆಟ್ ತಳ್ಳಿಹಾಕಿತು. ದುಡಿಮೆಯೊಂದೇ ಓಟು ತರುವುದಾದರೆ ಫ್ರಾನ್ಸಿನ ಹೆಂಗಸರು ಏನು ಪಾಪ ಮಾಡಿದ್ದರು?

## ಆಮೇಲೆ ದೇಶ ಬದಲಾಯಿತಾ?

1918ರ ಚುನಾವಣೆಯಲ್ಲಿ ಎಷ್ಟು ಹೆಂಗಸರು ಗೆದ್ದರು?

ನಿಂತವರು 17, ಗೆದ್ದವರು ಒಬ್ಬರು. ಆ ಒಬ್ಬರೂ ಪಾರ್ಲಿಮೆಂಟಿಗೆ ಬರಲಿಲ್ಲ. ಕಾನ್ಸ್ಟನ್ಸ್ ಮಾರ್ಕೀವಿಚ್, ಐರ್ಲೆಂಡಿನ ಶಿನ್ ಫೇನ್ ಪಕ್ಷದವರು. ಗೆದ್ದಾಗ ಲಂಡನ್‌ನ ಹಾಲೋವೇ ಜೈಲಿನಲ್ಲಿದ್ದರು. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದಿಲ್ಲವೆಂದು ಅವರ ಪಕ್ಷವೇ ಪಾರ್ಲಿಮೆಂಟನ್ನು ಬಹಿಷ್ಕರಿಸಿತ್ತು. ಕ್ರಿಸ್ಟಬೆಲ್ 775 ಮತಗಳಿಂದ ಸೋತರು. ಮೊದಲು ಕುರ್ಚಿಯಲ್ಲಿ ಕೂತವರು ನ್ಯಾನ್ಸಿ ಆಸ್ಟರ್, 1919ರ ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಹುಟ್ಟಿದವರು, ಓಟಿನ ಹೋರಾಟದಲ್ಲಿ ಇದ್ದವರೇ ಅಲ್ಲ. ಗಂಡ ಮೇಲ್ಮನೆಗೆ ಹೋದ್ದರಿಂದ ತೆರವಾದ ಕ್ಷೇತ್ರ. ನಮ್ಮ ಕಡೆಯ ರಾಜಕೀಯ ನೋಡಿದವರಿಗೆ ಇದು ಹೊಸದೇನಲ್ಲ.

ಯುದ್ಧ ಮುಗಿದ ಮೇಲೆ ಹೆಂಗಸರ ಕೆಲಸ ಉಳೀತಾ?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. 1919ರಲ್ಲಿ ಯುದ್ಧಕ್ಕೆ ಮುಂಚಿನ ಪದ್ಧತಿಗಳನ್ನು ಮತ್ತೆ ತರಲು ಕಾನೂನೇ ಬಂತು. ಕೆಲಸ ಹೋದ ಹುಡುಗಿ ನಿರುದ್ಯೋಗ ಭತ್ಯೆ ಕೇಳಲು ಹೋದರೆ, ಮನೆಗೆಲಸ ಇದೆ ಮಾಡು ಅನ್ನುತ್ತಿದ್ದರು. ಒಲ್ಲೆನೆಂದರೆ ಭತ್ಯೆ ಬಂದ್. ಮದುವೆಯಾದರೆ ಶಿಕ್ಷಕಿಯ ಕೆಲಸ, ಸರ್ಕಾರಿ ಕೆಲಸ ಬಿಡಬೇಕು ಅನ್ನುವ ನಿಯಮ ಎರಡನೇ ಮಹಾಯುದ್ಧದ ತನಕ ಇತ್ತು.

ಫುಟ್ಬಾಲ್ ಕಥೆ ಇದಕ್ಕೆಲ್ಲ ಕನ್ನಡಿಯ ಹಾಗಿದೆ. ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯ ಹುಡುಗಿಯರು 1917ರಲ್ಲಿ ತಂಡ ಕಟ್ಟಿದರು. ಗಾಯಾಳು ಸೈನಿಕರಿಗೆ ಹಣ ಎತ್ತಲು ಆಡುತ್ತಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ಗೆ 53 ಸಾವಿರ ಜನ ಅವರ ಆಟ ನೋಡಲು ಬಂದರು. ಒಂದು ವರ್ಷ ಆಗಲಿಲ್ಲ, ಫುಟ್ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಹೇಳಿಸಿದ್ದಲ್ಲ ಎಂದು ತನ್ನ ಮೈದಾನಗಳಿಂದ ಅವರನ್ನು ಹೊರಹಾಕಿತು. ಆ ನಿಷೇಧ ಸುಮಾರು 50 ವರ್ಷ ನಡೆಯಿತು.

ಓಟಿನಿಂದ ಏನಾದರೂ ಬದಲಾಯಿತಾ, ಇಲ್ಲ ಬರೀ ಹೆಸರಿಗಾ?

ಬದಲಾಯಿತು. 84 ಲಕ್ಷ ಹೊಸ ಮತದಾರರನ್ನು ಯಾವ ಪಕ್ಷವೂ ಮರೆಯಲಾಗಲಿಲ್ಲ. 1919ರ ಒಂದು ಕಾನೂನಿನಿಂದ ಹೆಂಗಸರು ವಕೀಲರು, ಮ್ಯಾಜಿಸ್ಟ್ರೇಟರು, ಜ್ಯೂರಿ ಸದಸ್ಯರು ಆಗಬಹುದಾಯಿತು. 1923ರ ತನಕ ವಿಚ್ಛೇದನಕ್ಕೆ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿಗೆ ಅದರ ಜೊತೆ ಕ್ರೌರ್ಯವೋ ಇನ್ನೊಂದೋ ತೋರಿಸಬೇಕಿತ್ತು. ಆ ವರ್ಷ ಅದನ್ನು ಸಮ ಮಾಡಿದರು. 1925ರಲ್ಲಿ ಮಕ್ಕಳ ಪಾಲನೆಯಲ್ಲಿ ತಾಯಿಯ ಮಾತಿಗೂ ತೂಕ ಬಂತು, ವಿಧವೆಯರಿಗೆ ಪಿಂಚಣಿ ಬಂತು. ಆಕ್ಸ್‌ಫರ್ಡ್ 1920ರಲ್ಲಿ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿತು. ನಮ್ಮ ಕಾರ್ನೇಲಿಯಾ ಸೊರಾಬ್ಜಿ ಅಲ್ಲಿ ಕಾನೂನು ಪರೀಕ್ಷೆ ಬರೆದು ಮುಗಿಸಿದ್ದು 1892ರಲ್ಲಿ. ಪದವಿಗೆ ಇಷ್ಟು ವರ್ಷ ಕಾದರು. ಕೇಂಬ್ರಿಡ್ಜ್ 1948ರ ತನಕ ಎಳೆದಾಡಿತು.

1928ರಲ್ಲಿ 21ರ ಹುಡುಗಿಯರಿಗೂ ಓಟು ಕೊಡುವಾಗ ಕೆಲವು ಪತ್ರಿಕೆಗಳು ಲಬೋ ಲಬೋ ಎಂದವು. ಎಮಲಿನ್ ಪ್ಯಾಂಕ್‌ಹರ್ಸ್ಟ್ ಅದನ್ನು ನೋಡಲಿಲ್ಲ. ಕಾನೂನಾಗುವ 18 ದಿನ ಮೊದಲು ತೀರಿಕೊಂಡರು. 19ರ ಹರೆಯದಲ್ಲಿ ಮಿಲ್ ಭಾಷಣ ಕೇಳಿದ್ದ ಫಾಸೆಟ್ ಮಾತ್ರ, 81ರಲ್ಲಿ, ಕೊನೆಯ ಮತವನ್ನೂ ಕಂಡರು.

## ನಮ್ಮ ಕಡೆ

ಇದಕ್ಕೂ ನಮಗೂ ಏನಾದರೂ ಸಂಬಂಧ ಇದೆಯಾ?

ಇದೆ. 1911ರ ಜೂನ್‌ನ ದೊಡ್ಡ ಮೆರವಣಿಗೆಯಲ್ಲಿ ಭಾರತದ ಹೆಂಗಸರೂ ಸೀರೆಯುಟ್ಟು ನಡೆದಿದ್ದರು. ಪಂಜಾಬಿನ ರಣಜಿತ್ ಸಿಂಗ್ ಮೊಮ್ಮಗಳು ಸೋಫಿಯಾ ದುಲೀಪ್ ಸಿಂಗ್, ರಾಜಮನೆತನ ಕೊಟ್ಟ ಮನೆಯಲ್ಲೇ ಇದ್ದುಕೊಂಡು, ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬಾಗಿಲಲ್ಲೇ ಸಫ್ರಜೆಟ್ ಪತ್ರಿಕೆ ಮಾರಿದರು. ಓಟಿಲ್ಲದೆ ತೆರಿಗೆಯಿಲ್ಲ ಎಂದು ದಂಡಕ್ಕೆ ಗುರಿಯಾದರು. ಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆರೈಕೆ ಮಾಡಿದರು.

ಇನ್ನೊಂದು ಎಳೆ ನಮ್ಮ ಮಂಗಳೂರಿಗೇ ಬರುತ್ತದೆ. ಮಾರ್ಗರೆಟ್ ಕಸಿನ್ಸ್ ಐರಿಷ್ ಹೋರಾಟಗಾರ್ತಿ, ಲಂಡನ್‌ನಲ್ಲಿ ಪ್ರಧಾನಿಯ ಮನೆಯಿರುವ ಡೌನಿಂಗ್ ಸ್ಟ್ರೀಟ್‌ನಲ್ಲಿ ಕಲ್ಲೆಸೆದು ಜೈಲು ಕಂಡವರು. 1915ರಲ್ಲಿ ಮದ್ರಾಸ್ ಕಡೆಗೆ ಬಂದರು. 1917ರ ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಮುಂದಾಳ್ತನದಲ್ಲಿ ಹೆಂಗಸರ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಓಟು ಕೇಳಿತು. ಅದರ ಹಿಂದೆ ಇದ್ದವರು ಕಸಿನ್ಸ್. ಅದೇ ಕಸಿನ್ಸ್ 1926ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಮದ್ರಾಸ್ ವಿಧಾನ ಪರಿಷತ್ತಿಗೆ ನಿಲ್ಲಲು ಹುರಿದುಂಬಿಸಿದರು. ಹುಟ್ಟೂರು ಮಂಗಳೂರಿನ ಕಡೆಯಿಂದಲೇ ನಿಂತು ಕೂದಲೆಳೆಯಲ್ಲಿ ಸೋತರು.

ಹಾಗಾದರೆ ನಮ್ಮ ಹೆಂಗಸರಿಗೆ ಓಟು ಕೊಟ್ಟದ್ದು ಬ್ರಿಟಿಷರಾ?

ಅಲ್ಲ. 1919ರಲ್ಲಿ ಲಂಡನ್ ನುಣುಚಿಕೊಂಡು, ಪ್ರಾಂತಗಳೇ ಬೇಕಾದರೆ ಮಾಡಿಕೊಳ್ಳಲಿ ಎಂದಿತು. 1921ರಲ್ಲಿ ಮದ್ರಾಸ್ ಪರಿಷತ್ತಿನ ಭಾರತೀಯ ಗಂಡಸರು ಮೊದಲು ಒಪ್ಪಿದರು, ಅದೇ ವರ್ಷ ಬೊಂಬಾಯಿ. ಅಂದರೆ ಮಂಗಳೂರು, ಬಳ್ಳಾರಿ, ಧಾರವಾಡ, ಬೆಳಗಾವಿಯ ಆಸ್ತಿವಂತ ಹೆಂಗಸರಿಗೆ ಆಗಲೇ ಓಟು. ಮೈಸೂರು ಸಂಸ್ಥಾನವೂ 1920ರ ದಶಕದಲ್ಲೇ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರ ಓಟು ಒಪ್ಪಿತು. ಕೈಬೆರಳಲ್ಲಿ ಎಣಿಸುವಷ್ಟು ಜನ ಅನ್ನಿ, ಆದರೂ ಇತ್ತು.

ಎಲ್ಲರಿಗೂ ಸಿಕ್ಕಿದ್ದು ನಮ್ಮದೇ ಸಂವಿಧಾನದಿಂದ, 21 ತುಂಬಿದ ಗಂಡು-ಹೆಣ್ಣು ಎಲ್ಲರಿಗೂ ಒಂದೇ ಸಲ. ಆದರೆ 1951–52ರ ಮೊದಲ ಚುನಾವಣೆಗೆ ಪಟ್ಟಿ ಮಾಡಲು ಮನೆಮನೆಗೆ ಹೋದವರಿಗೆ, ಉತ್ತರದ ಹಲವು ಕಡೆ ಹೆಂಗಸರು ಹೆಸರೇ ಹೇಳಲಿಲ್ಲ. ಇಂಥವರ ತಾಯಿ, ಇಂಥವರ ಹೆಂಡತಿ ಅಂದರು. ಪಟ್ಟಿಯಲ್ಲೂ ಹಾಗೇ ಬರೆದುಕೊಂಡರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಹೆಸರು ಬೇಕು ಅಂದರು. ಸಮಯ ಕೊಟ್ಟರೂ ಸರಿಯಾಗದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದರು. 1918ರ ಬ್ರಿಟನ್‌ನಲ್ಲಿ ಮನೆಯಿದ್ದ ಗಂಡನ ಹೆಂಡತಿ ಅನ್ನುವ ಕಾರಣಕ್ಕೇ ಲಕ್ಷಾಂತರ ಹೆಂಗಸರು ಪಟ್ಟಿಯೊಳಗೆ ಬಂದಿದ್ದರು. ಇಲ್ಲಿ ಬರೀ ‘ಹೆಂಡತಿ’ ಅಂತ ಬರೆಸಿದ್ದಕ್ಕೇ ಹೊರಗೆ ಹೋದರು.